ನೀರಿಗೆ ಹಾಕುವ ಮದ್ದು

2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆಯನ್ನು ಬೆಂಗಳೂರು ಚಿತ್ರಗಳ ಮೂಲಕ ನೆನಪಿಟ್ಟುಕೊಂಡಿದೆ. ಬೆಳ್ಳಂದೂರಿನ ಹೊರವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೊರಟ ಸಾಫ್ಟ್‌ವೇರ್ ಉದ್ಯೋಗಿಗಳು, ಯಮಲೂರಿನ ವಿಲ್ಲಾಗಳ ಮುಂದೆ ಮುಳುಗಿ ನಿಂತ ದುಬಾರಿ ಕಾರುಗಳು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಓಡಾಡಿದ ರಬ್ಬರ್ ದೋಣಿಗಳು. ಅದೇ ಮಳೆಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿರುವ ಕಾವೇರಿ ಪಂಪಿಂಗ್ ಕೇಂದ್ರಕ್ಕೂ ನೀರು ನುಗ್ಗಿತು. ಯಂತ್ರಗಳು ನಿಂತವು, ಬೆಂಗಳೂರಿನ ಹಲವು ಭಾಗಗಳಿಗೆ ಕುಡಿಯುವ ನೀರು ಬರಲಿಲ್ಲ. ರಸ್ತೆಯ ತುಂಬ ನೀರು, ನಲ್ಲಿಯಲ್ಲಿ ನೀರಿಲ್ಲ.

ಆ ಚಿತ್ರಗಳಲ್ಲಿ ಎಲ್ಲೂ ಕಾಣಿಸದ ಜಾಗ ಒಂದಿದೆ. ಅದು ಮುಳುಗಿದ ಕಾರುಗಳಿಗಿಂತಲೂ ಕೆಳಗಿನದು. ಈ ಭಾಗದ ಬಹುತೇಕ ದೊಡ್ಡ ವಸತಿ ಸಮುಚ್ಚಯಗಳಲ್ಲಿ ಕುಡಿಯುವ ನೀರಿನ ಸಂಪು, ಕೊಳಚೆ ನೀರು ಶುದ್ಧಗೊಳಿಸುವ ಎಸ್‌ಟಿಪಿ, ಪಂಪುಗಳು, ಅವುಗಳ ಪಕ್ಕದಲ್ಲೇ ಹೈಪೋ, ಆಸಿಡ್, ಆಲಂ ತುಂಬಿದ ಕ್ಯಾನುಗಳು ಇರುವುದು ಬೇಸ್‌ಮೆಂಟಿನಲ್ಲಿ. ನೆರೆ ಬಂದರೆ ಮೊದಲು ತುಂಬುವುದು ಆ ಜಾಗವೇ. ನೀರನ್ನು ಶುದ್ಧ ಮಾಡುವ ಸಾಮಾನು ನೀರಿನಲ್ಲಿ ಮುಳುಗುವ ಜಾಗಕ್ಕೆ ಹೇಗೆ ಬಂದು ಸೇರಿತು ಎಂಬ ಪ್ರಶ್ನೆ ಹಿಡಿದು ನಾನು ಸ್ವಲ್ಪ ಹಿಂದಕ್ಕೆ ನಡೆದೆ. ಈ ಲೇಖನ ಆ ನಡಿಗೆಯದು.

ನಮ್ಮ ಹಳ್ಳಿಗಳಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನು 'ಬಾವಿಗೆ ಮದ್ದು ಹಾಕೋದು' ಎನ್ನುತ್ತಾರೆ. ಕನ್ನಡದಲ್ಲಿ ಮದ್ದು ಎಂದರೆ ಔಷಧಿ. ಕೋವಿಗೆ ತುಂಬುವ ಪುಡಿಯೂ ಮದ್ದೇ. 'ಅವನಿಗೆ ಯಾರೋ ಮದ್ದು ಹಾಕಿದ್ದಾರೆ' ಎಂದರೆ ಅದು ವಿಷ. ಗುಣ ಮಾಡುವುದು, ಸಿಡಿಯುವುದು, ಕೊಲ್ಲುವುದು ಮೂರಕ್ಕೂ ಒಂದೇ ಪದ. ನೀರು ಶುದ್ಧೀಕರಣದ ರಾಸಾಯನಿಕಗಳ ಚರಿತ್ರೆಯನ್ನು ಓದುತ್ತಾ ಹೋದಂತೆ ಈ ಪದದ ಮೂರೂ ಅರ್ಥಗಳು ಒಂದೊಂದಾಗಿ ಎದುರಾದವು.

ಹಳೆಯ ಕಾಲದ ಮದ್ದು ಸೌಮ್ಯವಾದದ್ದು. ಕದಡಿದ ನೀರನ್ನು ತಿಳಿ ಮಾಡಲು ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯುತ್ತಿದ್ದರು. ಸಂಸ್ಕೃತದ ವೈದ್ಯಗ್ರಂಥಗಳು ಇದನ್ನೇ ಕತಕ ಎಂದು ಕರೆದವು. ಪಟಿಕದ ತುಂಡನ್ನು ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಮಣ್ಣು ಕೆಳಗೆ ಕೂರುತ್ತಿತ್ತು. ಇವತ್ತಿನ ಶುದ್ಧೀಕರಣ ಘಟಕಗಳು ಟನ್ನುಗಟ್ಟಲೆ ಬಳಸುವ ಆಲಂ ಎಂದರೆ ಇದೇ ಜಾತಿಯದು. ಇವೆಲ್ಲ ಅಡುಗೆಮನೆಯ ಮಾಡದಲ್ಲೇ ಇರುತ್ತಿದ್ದವು. ಹಾಗೆಂದು ಆಗ ಎಚ್ಚರ ಬೇಕಿರಲಿಲ್ಲ ಎಂದಲ್ಲ. ಚಿಲ್ಲದ ಮರಕ್ಕೆ ಕಾಸರಕ ಸಸ್ಯಕುಲದ ಹತ್ತಿರದ ನಂಟು, ಕಾಸರಕದ ಬೀಜವೋ ಕಡುವಿಷ. ಯಾವುದು ಯಾವುದೆಂದು ಗುರುತಿಸಬಲ್ಲ ಕಣ್ಣು ಮನೆಯಲ್ಲಿ ಒಬ್ಬರಿಗಾದರೂ ಇರಲೇಬೇಕಿತ್ತು.

ಊರಿನ ನೀರಿಗೂ ಅಂಥ ಕಣ್ಣೊಂದಿತ್ತು. ಮೈಸೂರು ಸೀಮೆಯ ಕೆರೆಯ ಊರುಗಳಲ್ಲಿ ಅವನ ಹೆಸರು ನೀರುಗಂಟಿ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು, ಮಳೆಗಾಲದಲ್ಲಿ ಏರಿಯ ಮೇಲೆ ಕಾವಲಿರುವುದು ಅವನ ಕೆಲಸ. ಆಯಗಾರರಲ್ಲಿ ಅವನೂ ಒಬ್ಬ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಕಾಳು ಅವನಿಗೆ ಸಲ್ಲುತ್ತಿತ್ತು. ಜಾತಿಯ ಕಟ್ಟು, ದುಡಿಮೆಯ ಭಾರ ಎಲ್ಲವೂ ಆ ವ್ಯವಸ್ಥೆಯಲ್ಲಿದ್ದವು, ಅದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ನೀರು ಯಾರ ಕೈಯಲ್ಲಿದೆ ಎಂಬುದು ಊರಿಗೆ ಗೊತ್ತಿತ್ತು. ಈ ಮಾತನ್ನು ಮುಂದಕ್ಕೂ ಜೊತೆಗಿಟ್ಟುಕೊಳ್ಳಬೇಕು.

19ನೇ ಶತಮಾನದ ಕೊನೆಗೆ ಮದ್ದು ಬದಲಾಯಿತು. ಕಾಲರಾ ನೀರಿನಿಂದ ಹರಡುತ್ತದೆ ಎಂಬುದು ಖಚಿತವಾದ ಮೇಲೆ, ಆಗ್ರಾದಲ್ಲಿದ್ದ ಸರ್ಕಾರಿ ರಸಾಯನ ಪರೀಕ್ಷಕ ಅರ್ನೆಸ್ಟ್ ಹ್ಯಾನ್ಬರಿ ಹ್ಯಾಂಕಿನ್ ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಹೀಗಾಗಿ ಮದ್ದು ಬಿದ್ದಿದೆ ಎಂಬುದು ಓದು ಬಾರದವರಿಗೂ ಕಣ್ಣಿಗೆ ಕಾಣುತ್ತಿತ್ತು. ಬಂದದ್ದರಲ್ಲಿ ಅದೊಂದು ಒಳ್ಳೆಯ ಗುಣ.

ಅದರ ಹಿಂದೆಯೇ ಬಂದ ಕ್ಲೋರಿನ್‌ಗೆ ಆ ಗುಣವಿಲ್ಲ. 1774ರಲ್ಲಿ ಸ್ವೀಡನ್ನಿನ ಶೀಲೆ ಈ ಅನಿಲವನ್ನು ಮೊದಲು ತಯಾರಿಸಿದ, 1810ರಲ್ಲಿ ಹಂಫ್ರಿ ಡೇವಿ ಅದಕ್ಕೆ ಹೆಸರಿಟ್ಟ. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನ್ನೆಂಟ್ ಅದನ್ನು ಸುಣ್ಣಕ್ಕೆ ಹೀರಿಸಿ ಪುಡಿ ಮಾಡುವ ಹಕ್ಕುಪತ್ರ ಪಡೆದದ್ದು ಬಟ್ಟೆ ಬಿಳುಪು ಮಾಡಲಿಕ್ಕೆ. ಬ್ಲೀಚಿಂಗ್ ಪೌಡರ್ ಎಂಬ ಹೆಸರು ಇವತ್ತಿಗೂ ಗಿರಣಿಯ ನೆನಪನ್ನೇ ಹೊತ್ತಿದೆ. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಪಟ್ಟಣದಲ್ಲಿ ಟೈಫಾಯ್ಡ್ ಹಬ್ಬಿದಾಗ ಅದೇ ಪುಡಿಯನ್ನು ನೀರಿನ ಕೊಳವೆಗಳ ಶುದ್ಧಿಗೆ ಬಳಸಿದರು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ಇಡೀ ಊರಿನ ನೀರಿಗೆ ನಿತ್ಯವೂ ಅದನ್ನು ಬೆರೆಸತೊಡಗಿತು.

ಈ ಕಥೆಯಲ್ಲಿ ಭಾರತದ ಹೆಸರು ಬರುವ ಜಾಗ ನನಗೆ ವಿಶೇಷವಾಗಿ ಕಂಡಿತು. ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಅಧಿಕಾರಿ ವಿನ್ಸೆಂಟ್ ನೆಸ್‌ಫೀಲ್ಡ್ 1903ರಲ್ಲೇ ಕ್ಲೋರಿನ್ನನ್ನು ದ್ರವವಾಗಿಸಿ ಕುಡಿಯುವ ನೀರಿಗೆ ಬಳಸಬಹುದೆಂದು ಬರೆದಿದ್ದರು. ಆ ಬರಹದಲ್ಲಿ ಅವರು ನೀರಿನಷ್ಟೇ ಗಮನ ಕೊಟ್ಟದ್ದು ಪಾತ್ರೆಗೆ. ಈ ಅನಿಲವನ್ನು ಎಲ್ಲಿ ತುಂಬಿಡುವುದು, ಹೇಗೆ ಸಾಗಿಸುವುದು? ಒಳಗೆ ಸೀಸ ಹೊದಿಸಿದ ಕಬ್ಬಿಣದ ಪಾತ್ರೆ, ಅದಕ್ಕೆ ಕೂದಲಿನಷ್ಟು ಸಣ್ಣ ರಂಧ್ರದ ಬಾಯಿ, ಮೇಲೆ ತಿರುಪು ಮುಚ್ಚಳ ಎಂದು ಅವರು ಯೋಚಿಸಿದ್ದರು. ಅಂದರೆ ನೀರಿಗೆ ಕ್ಲೋರಿನ್ ಎಂಬ ಆಲೋಚನೆ ಹುಟ್ಟಿದ ಗಳಿಗೆಯಲ್ಲೇ, ಅದನ್ನು ಇಡುವುದೆಲ್ಲಿ ಎಂಬ ಪ್ರಶ್ನೆಯೂ ಜೊತೆಯಲ್ಲಿ ಹುಟ್ಟಿತ್ತು.

ಹನ್ನೆರಡು ವರ್ಷಗಳ ನಂತರ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೈನ್ಯ ಸಾವಿರಾರು ಸಿಲಿಂಡರುಗಳ ಬಾಯಿ ತೆರೆದು ಅದೇ ಅನಿಲವನ್ನು ಗಾಳಿಗೆ ಬಿಟ್ಟಿತು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದು ಮೇಲೇರಿ ಚದುರುವುದಿಲ್ಲ, ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಸೈನಿಕರು ಅಡಗಿದ್ದ ಕಂದಕಗಳು ತಗ್ಗಿನಲ್ಲಿದ್ದವು. ಈ ಭೌತಿಕ ಸತ್ಯ ನೂರು ವರ್ಷದಲ್ಲಿ ಬದಲಾಗಿಲ್ಲ. ಬೆಳ್ಳಂದೂರಿನ ಬೇಸ್‌ಮೆಂಟುಗಳನ್ನು ನೋಡುವಾಗ ನನಗೆ ಮತ್ತೆ ಮತ್ತೆ ಅದೇ ನೆನಪಾಗುತ್ತದೆ.

ಇನ್ನು ಬೆಂಗಳೂರಿಗೆ ಬರೋಣ. 1894ರಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಊರಿಗೆ ನೀರು ತರುವ ಚಾಮರಾಜೇಂದ್ರ ಜಲಕಾರ್ಯ ರೂಪುಗೊಂಡಿತು. ಸೋಲದೇವನಹಳ್ಳಿಯಲ್ಲಿ ಉಗಿ ಯಂತ್ರಗಳು ನೀರನ್ನು ಮೇಲಕ್ಕೆತ್ತುತ್ತಿದ್ದವು. ನಂತರದ ಕಾಲದಲ್ಲಿ ಮಲ್ಲೇಶ್ವರದ ಎತ್ತರದಲ್ಲಿ ಜ್ಯುವೆಲ್ ಫಿಲ್ಟರುಗಳು ಬಂದವು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, 1964ರಲ್ಲಿ ಜಲಮಂಡಳಿ, 1974ರಲ್ಲಿ ಕಾವೇರಿ ಮೊದಲ ಹಂತ. ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೇರಿ, ಸುಮಾರು ನೂರು ಕಿಲೋಮೀಟರ್ ಸಾಗಿ ಊರು ಸೇರುತ್ತದೆ.

ಈ ಎಂಬತ್ತು ವರ್ಷಗಳ ಚರಿತ್ರೆಯಲ್ಲಿ ಒಂದು ಕ್ರಮ ಕಾಣುತ್ತದೆ. ನೀರು ಶುದ್ಧವಾಗುವ ಜಾಗ ಒಂದೋ ಊರಿನಾಚೆ ಇರುತ್ತಿತ್ತು, ಇಲ್ಲವೇ ಎತ್ತರದಲ್ಲಿ. ಮದ್ದೂ ಅಲ್ಲೇ ಇರುತ್ತಿತ್ತು. ದೊಡ್ಡ ಘಟಕಗಳಲ್ಲಿ ಬಳಸುವ ಕ್ಲೋರಿನ್ 'ಟನ್ನರ್' ಎಂದು ಕರೆಯುವ, ಸುಮಾರು 900 ಕಿಲೋ ಹಿಡಿಯುವ ಉಕ್ಕಿನ ಪಾತ್ರೆಗಳಲ್ಲಿ ಬರುತ್ತದೆ. ಅದನ್ನು ಸಾಕುವ ಶಿಸ್ತೇ ಬೇರೆ. ಪ್ರತ್ಯೇಕ ಕೋಣೆ, ನೆಲಮಟ್ಟದಿಂದ ಗಾಳಿ ಎಳೆಯುವ ಫ್ಯಾನು, ಉಸಿರಾಟದ ಉಪಕರಣ, ಸೋರಿದರೆ ಹೀರಿಕೊಳ್ಳಲು ಸುಣ್ಣ ಅಥವಾ ಕಾಸ್ಟಿಕ್. ಅಮೋನಿಯದಲ್ಲಿ ಅದ್ದಿದ ಬಟ್ಟೆಯನ್ನು ಕವಾಟದ ಹತ್ತಿರ ಹಿಡಿದರೆ ಸೋರಿಕೆಯಿದ್ದಲ್ಲಿ ಬಿಳಿ ಹೊಗೆ ಏಳುತ್ತದೆ ಎಂಬ ಅರಿವು, ಸೋರುವ ಪಾತ್ರೆಗೆ ನೀರು ಹೊಡೆದರೆ ರಂಧ್ರ ಇನ್ನೂ ದೊಡ್ಡದಾಗುತ್ತದೆ ಎಂಬ ಅರಿವು, ಇವೆಲ್ಲ ಆ ಕೋಣೆಯಲ್ಲಿ ಕೆಲಸ ಮಾಡುವವರಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತವೆ.

ದೇಶದ ಕಾನೂನು ಈ ಅನಿಲವನ್ನು ನೇರವಾಗಿ ಎದುರಿಸಿದ್ದು ಭೋಪಾಲದ ನಂತರ. 1985ರ ಡಿಸೆಂಬರ್ 4ರಂದು ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಸೋರಿದಾಗ, ಅದೇ ಆವರಣದ ಕ್ಲೋರಿನ್ ಘಟಕವನ್ನು ಮುಚ್ಚಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್ ಮುಂದೆ ಬಂತು. ತೊಡಕೇನೆಂದರೆ, ದೆಹಲಿಯ ಕುಡಿಯುವ ನೀರಿಗೆ ಕ್ಲೋರಿನ್ ಬರುತ್ತಿದ್ದುದು ಅಲ್ಲಿಂದಲೇ. ಮುಚ್ಚಿದರೆ ನೀರಿಗೆ ಅಪಾಯ, ತೆರೆದರೆ ಗಾಳಿಗೆ ಅಪಾಯ. 1986ರ ಫೆಬ್ರುವರಿಯಲ್ಲಿ ನ್ಯಾಯಾಲಯ ಷರತ್ತುಗಳ ಮೇಲೆ ಅನುಮತಿ ಕೊಟ್ಟಿತು. ಆ ಷರತ್ತುಗಳ ನಡುವೆ ಒಂದು ಸಣ್ಣ ಸಾಲಿದೆ: ಕ್ಲೋರಿನ್ ಮನುಷ್ಯನ ಮೈಗೆ ಏನು ಮಾಡುತ್ತದೆ ಎಂಬ ಫಲಕವನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರೆಸಿ ಹಾಕಬೇಕು. ಕೆಲಸಗಾರ ಓದಬಲ್ಲ ಭಾಷೆಯಲ್ಲಿ ಎಂಬುದು ಅದರ ಅರ್ಥ. ಭಾಷೆಯೂ ಸುರಕ್ಷತೆಯ ಸಲಕರಣೆ ಎಂಬುದನ್ನು ನ್ಯಾಯಾಲಯ ನಲವತ್ತು ವರ್ಷದ ಹಿಂದೆಯೇ ಕಂಡಿತ್ತು.

1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದಿನ ನಿಯಮಗಳು ಬಂದವು. ಒಂದು ಜಾಗದಲ್ಲಿ ಇಂಥ ರಾಸಾಯನಿಕ ಇಷ್ಟು ಟನ್ನಿಗಿಂತ ಹೆಚ್ಚಿದ್ದರೆ ಇಂಥ ಕ್ರಮ, ತುರ್ತು ಯೋಜನೆ, ಅಣಕು ಕವಾಯತು ಎಂದು ಅವು ವಿಧಿಸಿದವು. ದೊಡ್ಡ ಕಣಜಗಳಿಗೆ ಅದು ಸರಿ. ಆದರೆ ಟನ್ನಿನ ಲೆಕ್ಕಕ್ಕೆ ಬಾರದ ಮೂವತ್ತೈದು, ಐವತ್ತು ಲೀಟರಿನ ಕ್ಯಾನು ಆ ಕಣ್ಣಿನ ಕೆಳಗೆ ಸುಲಭವಾಗಿ ನುಸುಳುತ್ತದೆ.

ಬೆಳ್ಳಂದೂರು ಬೆಳೆದದ್ದು ಅಂಥ ಕ್ಯಾನುಗಳ ಮೇಲೆ. 1990ರ ದಶಕದ ಕೊನೆಯಲ್ಲಿ ಇದು ಕಂಪ್ಯೂಟರ್ ಬಳಕೆಗೆ ಹೆಸರಾದ ಗ್ರಾಮ ಪಂಚಾಯಿತಿ. ಸುತ್ತ ಟೆಕ್ ಪಾರ್ಕುಗಳು ಎದ್ದವು, ಗದ್ದೆ ತೋಟಗಳು ಸಮುಚ್ಚಯಗಳಾದವು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರದ ಸುತ್ತಲಿನ 110 ಹಳ್ಳಿಗಳು ಊರಿನೊಳಗೆ ಸೇರಿದವು. ಹೆಸರು ಒಳಗೆ ಬಂತು, ನೀರಿನ ಕೊಳವೆ ಬರಲಿಲ್ಲ. ಆ ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಡುವಿನ ಹದಿನೇಳು ವರ್ಷ ಈ ಭಾಗ ಹೆಚ್ಚಾಗಿ ಬದುಕಿದ್ದು ಕೊಳವೆಬಾವಿ ಮತ್ತು ಟ್ಯಾಂಕರಿನ ಮೇಲೆ.

ಇನ್ನೊಂದು ತುದಿಯಲ್ಲಿ ಕೆರೆ. ಬೆಂಗಳೂರಿನ ಅತಿ ದೊಡ್ಡ ಕೆರೆಯಾದ ಬೆಳ್ಳಂದೂರು ಕೆರೆ ಊರಿನ ಕೊಳಚೆಯ ತೊಟ್ಟಿಯಾಗಿ, ನೊರೆ ಉಕ್ಕಿಸಿ, 2017ರ ಫೆಬ್ರುವರಿ ಮತ್ತು 2018ರ ಜನವರಿಯಲ್ಲಿ ಬೆಂಕಿ ಹೊತ್ತಿಕೊಂಡು ಜಗತ್ತಿನ ಸುದ್ದಿಯಾಯಿತು. ದೊಡ್ಡ ಸಮುಚ್ಚಯಗಳು ತಮ್ಮ ಕೊಳಚೆಯನ್ನು ತಾವೇ ಶುದ್ಧ ಮಾಡಬೇಕೆಂಬ ನಿಯಮ ಹೀಗೆ ಬಿಗಿಯಾಗುತ್ತಾ ಬಂತು. ನಿಯಮ ಸರಿಯಾದದ್ದೇ. ಆದರೆ ಒಟ್ಟು ಪರಿಣಾಮವನ್ನು ನೋಡಿ: ಕುಡಿಯುವ ನೀರಿನ ಶುದ್ಧೀಕರಣವೂ ಕೊಳಚೆಯ ಶುದ್ಧೀಕರಣವೂ ಊರಿನ ಹೆಗಲಿಂದ ಇಳಿದು ಪ್ರತಿ ಕಟ್ಟಡದ ಹೆಗಲೇರಿತು. ಒಂದು ಹೆಸರಘಟ್ಟ ಸಾವಿರ ಚೂರಾಗಿ ಸಾವಿರ ಬೇಸ್‌ಮೆಂಟು ಸೇರಿತು. ಮೇಲಿನ ನೆಲವನ್ನು ಮಾರಬಹುದು, ಕೆಳಗಿನದನ್ನು ಮಾರಲಾಗದು ಎಂಬುದಷ್ಟೇ ಆ ಆಯ್ಕೆಯ ಹಿಂದಿನ ತರ್ಕ. ಮದ್ದು ಮೆಟ್ಟಿಲಿಳಿದು ಬಂತು, ಅದನ್ನು ಸಾಕುವ ಅರಿವು ಜೊತೆಗೆ ಇಳಿಯಲಿಲ್ಲ.

ನಾನಿರುವ ಸಮುಚ್ಚಯದ ಎಸ್‌ಟಿಪಿ ನೋಡಿಕೊಳ್ಳುವವರು ಯಾದಗಿರಿ ಕಡೆಯವರು. ಒಂದು ದಿನ ಕೆಳಗಿಳಿದು ಅವರೊಂದಿಗೆ ಮಾತಾಡಿದೆ. ಗೋಡೆಗೆ ಒರಗಿಸಿ ನೀಲಿ ಕ್ಯಾನುಗಳನ್ನು ಸಾಲಾಗಿ ಇಟ್ಟಿದ್ದರು. ಎಲ್ಲದರ ಚೀಟಿಯೂ ಇಂಗ್ಲಿಷಿನಲ್ಲಿತ್ತು, ಕೆಲವು ಹರಿದಿದ್ದವು. ಯಾವುದು ಯಾವುದೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

"ಮುಚ್ಚಳ ಬಿಚ್ಚಿದ್ರ ವಾಸನಿ ಬರತೈತ್ರಿ ಸರ. ಹೈಪೋ ಆದ್ರ ಮೂಗಿಗೆ ಹೊಡಿತೈತಿ, ಆಸಿಡ್ ಆದ್ರ ಹೊಗಿ ಏಳತೈತಿ."

"ಮೇಲೆ ಎಲ್ಲಾದರೂ ಇಡಬಹುದಲ್ಲ?"

"ಮ್ಯಾಲ ಇಟ್ರ ಮಂದಿ ವಾಸನಿ ಅಂತಾರ್ರಿ. ಅದಕ್ಕ ಕೆಳಗ ಇಟ್ಟೇವಿ. ನೀರು ಬಂದ್ರ ಮೊದ್ಲ ಬರೂದೂ ಇಲ್ಲಿಗೇರಿ."

ಅವರ ಮಾತಿನಲ್ಲಿ ದೂರಿನ ದನಿ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರು. ಇವರು ಇವತ್ತಿನ ನೀರುಗಂಟಿ ಎಂದುಕೊಂಡೆ. ನಾನೂರು ಮನೆಗಳ ನೀರು ಅವರ ಕೈಯಲ್ಲಿದೆ. ಆ ನಾನೂರು ಮನೆಗಳಲ್ಲಿ ಅವರ ಹೆಸರು ಗೊತ್ತಿರುವವರು ಬೆರಳೆಣಿಕೆಯಷ್ಟು.

ಮೂಗಿನಿಂದ ಗುರುತಿಸುವ ಆ ಪದ್ಧತಿಯಲ್ಲಿ ಇರುವ ಅಪಾಯ ಏನೆಂದು ಬಿಡಿಸಿ ಹೇಳಬೇಕು. ಹೈಪೋ ಎಂದರೆ ಸೋಡಿಯಂ ಹೈಪೋಕ್ಲೋರೈಟ್, ಕ್ಲೋರಿನ್ನನ್ನು ಕ್ಷಾರದಲ್ಲಿ ಹಿಡಿದಿಟ್ಟ ದ್ರವ. ಕ್ಷಾರ ಇರುವವರೆಗೆ ಕ್ಲೋರಿನ್ ಒಳಗಿರುತ್ತದೆ. ಅದಕ್ಕೆ ಆಸಿಡ್ ತಾಗಿದರೆ ಈಪ್ರ್‌ನ ಅನಿಲ ಅಲ್ಲೇ ಹೊರಬರುತ್ತದೆ. ಆಲಂ ದ್ರಾವಣ, ಫೆರಿಕ್ ಕ್ಲೋರೈಡ್, ಪಿಎಸಿ ಎನ್ನುವ ಅಲ್ಯೂಮಿನಿಯಂ ದ್ರಾವಣ ಎಲ್ಲವೂ ಆಮ್ಲೀಯವೇ. ಹೈಪೋ ತುಂಬಿದ್ದ ಬಕೆಟ್ಟನ್ನು ತೊಳೆಯದೆ ಆಲಂ ಕಲಸಲು ಬಳಸಿದರೂ ಸಾಕು. ಬೇಸ್‌ಮೆಂಟಿನಲ್ಲಿ ಹೀಗಾದರೆ ಅನಿಲ ಮೇಲೇರದು, ತಗ್ಗಿನಲ್ಲೇ ಮಡುಗಟ್ಟುತ್ತದೆ.

ನೆರೆಯ ದಿನ ಈ ಬೆರಕೆಯನ್ನು ಯಾರೂ ಕೈಯಾರೆ ಮಾಡಬೇಕಿಲ್ಲ. ಅರೆ ತುಂಬಿದ ಕ್ಯಾನುಗಳು ನೀರಿನಲ್ಲಿ ಏಳುತ್ತವೆ, ಉರುಳುತ್ತವೆ, ಮುಚ್ಚಳ ಕಳಚುತ್ತವೆ. ಈಜುಕೊಳಕ್ಕೆ ಬಳಸುವ ಟ್ರೈಕ್ಲೋರ್ ಬಿಲ್ಲೆ, ಹರಳಿನ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಇನ್ನೂ ಸೂಕ್ಷ್ಮ. ಎರಡೂ ಕ್ಲೋರಿನ್ನೇ ತಾನೆ ಎಂದು ಒಂದೇ ಡಬ್ಬಿಗೆ ಸುರಿದರೆ ಬೆಂಕಿ ಹೊತ್ತಬಹುದು, ಸಿಡಿಯಲೂಬಹುದು. ಟ್ರೈಕ್ಲೋರ್ ದೊಡ್ಡ ನೀರಿನಲ್ಲಿ ಶಾಂತವಾಗಿ ಕರಗುತ್ತದೆ, ಆದರೆ ರಾಶಿಗೆ ಸ್ವಲ್ಪ ನೀರು ತಾಗಿದರೆ ಕಾದು ಅನಿಲ ಬಿಡುತ್ತದೆ. 2020ರ ಆಗಸ್ಟ್ 27ರಂದು ಅಮೆರಿಕದ ಲೂಸಿಯಾನಾದಲ್ಲಿ ಲಾರಾ ಚಂಡಮಾರುತ ಇಂಥ ರಾಸಾಯನಿಕದ ಕಾರ್ಖಾನೆಯೊಂದರ ಚಾವಣಿ ಕಿತ್ತಿತು. ಮಳೆನೀರು ಟ್ರೈಕ್ಲೋರ್ ಮೇಲೆ ಬಿದ್ದು ಬೆಂಕಿ ಎದ್ದಿತು, ಕ್ಲೋರಿನ್ ಹೊಗೆಗೆ ಹೆದ್ದಾರಿ ಮುಚ್ಚಬೇಕಾಯಿತು. 2024ರ ಸೆಪ್ಟೆಂಬರ್ 29ರಂದು ಜಾರ್ಜಿಯಾದ ಕಾನ್ಯರ್ಸ್‌ನಲ್ಲಿ ಬೆಂಕಿ ನಂದಿಸಲೆಂದೇ ಇಟ್ಟ ನೀರಿನ ಸಾಧನದಿಂದ ಬಿದ್ದ ನೀರು ಇಂಥದೇ ಅನಾಹುತಕ್ಕೆ ಕಾರಣವಾಗಿ ಸುಮಾರು 17,000 ಜನ ಮನೆ ಬಿಡಬೇಕಾಯಿತು. ನೀರಿನ ಮದ್ದಿಗೆ ನೀರೇ ಬೆಂಕಿಯಾದ ಉದಾಹರಣೆಗಳಿವು.

ತುರ್ತಿನ ಇನ್ನೊಂದು ಲಕ್ಷಣ ಎಂದರೆ ಹೊಸ ಕೈಗಳು. ರೂಢಿಯವರು ರಜೆಯಲ್ಲಿ, ಬದಲಿಯವರು ಅವಸರದಲ್ಲಿ. 1988ರ ಜುಲೈ 6ರಂದು ಇಂಗ್ಲೆಂಡಿನ ಕ್ಯಾಮೆಲ್‌ಫರ್ಡ್ ಬಳಿಯ ಘಟಕಕ್ಕೆ ಬದಲಿ ಚಾಲಕನೊಬ್ಬ ಟ್ಯಾಂಕರಿನಲ್ಲಿ 20 ಟನ್ ಆಲಂ ದ್ರಾವಣ ತಂದ. ಅಲ್ಲಿ ಸಿಬ್ಬಂದಿ ಇರಲಿಲ್ಲ. ಕೊಟ್ಟ ಕೀಲಿ ಎಲ್ಲ ಬೀಗಕ್ಕೂ ಹೊಂದುತ್ತಿತ್ತು. ಅವನು ಸುರಿದ ತೊಟ್ಟಿಯಲ್ಲಿದ್ದದ್ದು ಸುಮಾರು 20,000 ಜನರಿಗೆ ಹೋಗಬೇಕಿದ್ದ ಶುದ್ಧ ನೀರು. ಜನರಿಗೆ ನಿಜ ತಿಳಿದದ್ದು ಎರಡು ವಾರ ದಾಟಿದ ಮೇಲೆ. ಆ ದುರಂತಕ್ಕೆ ರಸಾಯನಶಾಸ್ತ್ರದ ಅಜ್ಞಾನ ಕಾರಣವಲ್ಲ. ತೊಟ್ಟಿಯ ಮೇಲೊಂದು ಸ್ಪಷ್ಟ ಹೆಸರು, ಅದಕ್ಕೇ ಬೇರೆ ಬೀಗ, ಎದುರುಗೊಳ್ಳಲು ಒಬ್ಬ ಮನುಷ್ಯ ಇದ್ದಿದ್ದರೆ ಸಾಕಿತ್ತು.

ಇಷ್ಟೆಲ್ಲ ಓದಿದವರಿಗೆ ಮದ್ದೇ ಬೇಡ ಎನಿಸಬಹುದು. ಅದು ಇನ್ನೂ ದೊಡ್ಡ ಅಪಾಯ. 2000ದ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ ನೀರು ನೋಡಿಕೊಳ್ಳುವವರು ಸಾಕಷ್ಟು ಕ್ಲೋರಿನ್ ಹಾಕದೆ ದಾಖಲೆ ಪುಸ್ತಕದಲ್ಲಿ ಸುಳ್ಳು ಅಂಕಿ ಬರೆದಿದ್ದರು. ಏಳು ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು. ನಮ್ಮಲ್ಲೇ 2022ರ ಬೇಸಿಗೆಯ ಕೊನೆಗೆ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಹೈಪೋವನ್ನು ಬಿಸಿಲಲ್ಲಿ, ಸೆಕೆಯಲ್ಲಿ ಇಟ್ಟರೆ ಕೆಲವೇ ತಿಂಗಳಲ್ಲಿ ಅದರ ಸತ್ವ ಅರ್ಧಕ್ಕಿಳಿಯುತ್ತದೆ. ಬ್ಲೀಚಿಂಗ್ ಪೌಡರ್ ತೇವ ಹೀರಿ ಬರೀ ಸುಣ್ಣವಾಗುತ್ತದೆ. ಒಳ್ಳೆಯ ಪುಡಿಯಾದರೆ ಸಾವಿರ ಲೀಟರ್ ತಿಳಿನೀರಿಗೆ ಎರಡೂವರೆ ಗ್ರಾಂ ಎಂಬುದು ವೈದ್ಯಕೀಯ ಪಠ್ಯಗಳ ರೂಢಿಯ ಲೆಕ್ಕ. ಒಂದು ಗಂಟೆಯ ನಂತರ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಸತ್ತ ಪುಡಿಯನ್ನು ಅದೇ ಲೆಕ್ಕದಲ್ಲಿ ಹಾಕಿದರೆ ನಂಬಿಕೆ ಉಳಿಯುತ್ತದೆ, ಕ್ಲೋರಿನ್ ಉಳಿಯುವುದಿಲ್ಲ. ಆದ್ದರಿಂದ ಹಾಕಿದೆವು ಎನ್ನುವುದಕ್ಕಿಂತ ಉಳಿದಿದೆಯೇ ಎಂದು ಪರೀಕ್ಷಿಸುವುದು ಮುಖ್ಯ. ಮತ್ತು ಸುರಕ್ಷಿತವಾಗಿ ಇಡುವುದೆಂದರೆ ಅಪಘಾತ ತಪ್ಪಿಸುವುದಷ್ಟೇ ಅಲ್ಲ, ಮದ್ದನ್ನು ಮದ್ದಾಗಿ ಉಳಿಸಿಕೊಳ್ಳುವುದು ಕೂಡ.

ಹಾಗಾದರೆ ಏನು ಮಾಡಬೇಕು ಎಂಬುದಕ್ಕೆ ಈ ಚರಿತ್ರೆಯೇ ಉತ್ತರ ಕೊಟ್ಟಿದೆ. ದಾಸ್ತಾನು ನೆರೆಯ ನೀರು ಮುಟ್ಟದ ಎತ್ತರದಲ್ಲಿ, ನೆರಳಿನಲ್ಲಿ, ಗಾಳಿಯಾಡುವ ಬೀಗದ ಕೋಣೆಯಲ್ಲಿರಲಿ. ಆಮ್ಲ ಒಂದು ಕಡೆ, ಕ್ಲೋರಿನ್ ಬಳಗ ಇನ್ನೊಂದು ಕಡೆ, ನಡುವೆ ಗೋಡೆ ಅಥವಾ ಕಟ್ಟೆ. ಟ್ರೈಕ್ಲೋರ್ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಕೂಡ ಪರಸ್ಪರ ದೂರ. ಒಂದೊಂದಕ್ಕೂ ಬೇರೆ ಅಳತೆಪಾತ್ರೆ. ಬರಗಾಲ ಬಂತೆಂದು ಆರು ತಿಂಗಳಿನದನ್ನು ಒಮ್ಮೆಲೇ ತರಿಸಬಾರದು; 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೂ ಶುದ್ಧೀಕರಿಸಿದ ನೀರಿಗೂ ಊರು ಮುಗಿಬಿದ್ದಾಗಿನಂಥ ದಿನಗಳಲ್ಲೇ ಈ ಆಸೆ ಹುಟ್ಟುವುದು. ನೆರೆಯಲ್ಲಿ ಮುಳುಗಿದ ಕ್ಯಾನನ್ನು ಮೂಸಿ ನೋಡಿ ಮತ್ತೆ ಬಳಸಬಾರದು, ಉಬ್ಬಿದ್ದನ್ನು ಬಿಚ್ಚಬಾರದು.

ಎಲ್ಲಕ್ಕಿಂತ ಮೊದಲಿನದು, ವಾಸನೆ ಬಂದರೆ ಕೆಳಗಿಳಿಯಬಾರದು. ಗಾಳಿಗೆ ಎದುರಾಗಿ ಹೊರಗೆ, ಎತ್ತರದ ಕಡೆಗೆ ಹೋಗಿ ಅಗ್ನಿಶಾಮಕ ದಳವನ್ನು ಕರೆಯಬೇಕು. 2018ರ ಜನವರಿಯಲ್ಲಿ, ಇಲ್ಲಿಂದ ಹೆಚ್ಚು ದೂರವಿಲ್ಲದ ಸೋಮಸುಂದರಪಾಳ್ಯದ ಸಮುಚ್ಚಯವೊಂದರಲ್ಲಿ ಎಸ್‌ಟಿಪಿ ಗುಂಡಿಯೊಳಗೆ ಮೂವರು ಉಸಿರುಗಟ್ಟಿ ಸತ್ತರು. ಅದು ಕ್ಲೋರಿನ್ ಅಲ್ಲ, ಕೊಳಚೆಯ ಅನಿಲ. ಆದರೆ ಒಬ್ಬರು ಬಿದ್ದರೆಂದು ಇನ್ನೊಬ್ಬರು ಇಳಿಯುವ ಸರಣಿ ಇಂಥ ಸಾವುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅದನ್ನು ತಡೆಯುವುದು ಧೈರ್ಯದಿಂದ ಆಗದು, ಮೊದಲೇ ತಿಳಿದಿದ್ದರೆ ಆಗುತ್ತದೆ.

ಈಗ ಐದನೇ ಹಂತದ ಕಾವೇರಿ ಈ ಭಾಗದ ಕಟ್ಟಡಗಳಿಗೆ ಒಂದೊಂದಾಗಿ ತಲುಪುತ್ತಿದೆ. ನೀರು ಬಂದ ಮೇಲೆ ಹಳೆಯ ಕ್ಯಾನುಗಳು ಮೂಲೆ ಸೇರುತ್ತವೆ, ನಂತರ ಮರೆತುಹೋಗುತ್ತವೆ. ಮರೆತ ಮದ್ದು ಏನು ಮಾಡುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 2010ರ ಜುಲೈಯಲ್ಲಿ ಮುಂಬೈ ಬಂದರಿನ ಶಿವಡಿ ಬಳಿ ವರ್ಷಗಟ್ಟಲೆ ವಾರಸುದಾರರಿಲ್ಲದೆ ಬಿದ್ದಿದ್ದ ಸಿಲಿಂಡರಿನಿಂದ ಕ್ಲೋರಿನ್ ಸೋರಿತು. 2024ರ ಜೂನಿನಲ್ಲಿ ಮೈಸೂರಿನಲ್ಲಿ ಗುಜರಿಗೆ ಬಂದ ಸಿಲಿಂಡರಿನಿಂದ ಸೋರಿ ಸುತ್ತಲಿನ ಹತ್ತಾರು ಜನ ಆಸ್ಪತ್ರೆ ಸೇರಿದರು. ಎಸ್‌ಟಿಪಿಗಳಂತೂ ಇಲ್ಲೇ ಇರುತ್ತವೆ, ಇರಲೂ ಬೇಕು.

ನಮ್ಮ ಸಮುಚ್ಚಯದ ಮುಂದಿನ ಸಭೆಗೆ ನಾನೊಂದು ಪತ್ರ ಬರೆದಿದ್ದೇನೆ. ಕ್ಯಾನುಗಳಿಗೆ ನೆಲಮಟ್ಟಕ್ಕಿಂತ ಮೇಲೆ, ಎರಡು ಭಾಗದ ಒಂದು ಕೋಣೆ. ಪ್ರತಿ ಕ್ಯಾನಿನ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದ ಹೆಸರು, ಬಂದ ತಾರೀಖು, ಯಾವುದರೊಂದಿಗೆ ಸೇರಬಾರದು ಎಂಬ ಒಂದು ಸಾಲು. ಬದಲಿಗೆ ಬರುವ ಹುಡುಗರು ಒಡಿಯಾ, ಬಂಗಾಳಿ, ಹಿಂದಿಯವರಾದರೆ ಅದರ ಕೆಳಗೆ ಅವರ ಭಾಷೆಯಲ್ಲೂ. ಕೈಗವಸು, ಕನ್ನಡಕ, ಮುಖಕವಚ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಒಂದು ಅಣಕು ಕವಾಯತು. ಅದನ್ನು ನಡೆಸಿಕೊಡಬೇಕಾದವರು ಯಾದಗಿರಿಯ ಆ ಆಪರೇಟರೇ ಎಂದೂ ಬರೆದಿದ್ದೇನೆ. ಆ ಕೋಣೆಯ ವಾಸನೆ ಗುರುತು ಇರುವುದು ಅವರೊಬ್ಬರಿಗೇ.